ಡಬ್ಬಿಯ ಪಾಳಿ

ಗುಡ್ಡದ ನೆತ್ತಿಯ ಮೇಲೆ ಹಿಟ್ಟಿನ ಗಿರಣಿ ಕಟ್ಟಿದ ಪುಣ್ಯಾತ್ಮ ಯಾರೋ, ಜೋಳದ ಡಬ್ಬಿ ಹೊತ್ತು ಹತ್ತುವವರ ಸೊಂಟದ ಚಿಂತೆ ಅವನಿಗಿರಲಿಲ್ಲ. ಈಗ ಅಲ್ಲಿ ಬೀಸುವ ಕಲ್ಲುಗಳಿಲ್ಲ. ತಗಡಿನ ಗುಮ್ಮಟದ ಕೆಳಗೆ ದೊಡ್ಡ ದುರ್ಬೀನು ಇಟ್ಟಿದ್ದಾರೆ. ಯುಗಾದಿಯ ಮರುದಿನ ಬಿದಿಗೆ ಚಂದ್ರನನ್ನು ತೋರಿಸಲು ಅತ್ತೆ ಶೆಟ್ಟೆವ್ವನವರನ್ನು ನಮ್ಮೂರು ಮಸಗುಪ್ಪಿಯಿಂದ ಸ್ಕೂಟಿಯ ಮೇಲೆ ಅಲ್ಲಿಗೆ ಕರೆದೊಯ್ದೆ.

ಆ ಚಂದ್ರನನ್ನು ಕಂಡು ಹಿರಿಯರ ಕಾಲಿಗೆ ಬೀಳುವುದು ನಮ್ಮಲ್ಲಿ ರೂಢಿ. ನಾಲ್ಕು ವರ್ಷದಿಂದ ಅತ್ತೆ ಬೇವಿನ ಮರದತ್ತ ಮುಖ ಮಾಡಿ "ಹಾಂ, ಕಂಡ್ತು ಕಂಡ್ತು" ಎನ್ನುತ್ತಾರೆ. ಚಂದ್ರ ಇರುವುದು ತೆಂಗಿನ ಮರದ ಕಡೆ! ಕಣ್ಣು ಮಂಜಾಗಿದೆ ಎಂದರೆ ಎಲ್ಲಿ ಆಪರೇಷನ್ ಮಾಡಿಸುತ್ತೇವೋ ಎಂಬ ಹೆದರಿಕೆ. ನನಗೆ ಸಂಕಟವಾಗುತ್ತಿತ್ತು, ಆದರೂ ಬಾಯಿ ಬಿಟ್ಟಿರಲಿಲ್ಲ.

ಸ್ಕೂಟಿ ನಿಲ್ಲಿಸಿ ಬರುವಷ್ಟರಲ್ಲಿ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಚಂದ್ರ ಆಗಲೇ ಎದುರಿನ ಗುಡ್ಡಕ್ಕೆ ಇಳಿಯುತ್ತಿದ್ದ.

"ಅತ್ತಿ, ಸಾಲಿನ್ಯಾಗ ನಿಂದರ್ರಿ!"

"ಸಾಲಿನ್ಯಾಗ ನನ್ನ ಚುರುಮುರಿ ಡಬ್ಬಿ ಇಟ್ಟೇನಲ್ಲ. ಗಿರಣ್ಯಾಗ ಡಬ್ಬಿ ಇಟ್ರ ಪಾಳಿ ಹೋಗೂದಿಲ್ಲ."

ಡಬ್ಬಿಯನ್ನು ಯಾರೋ ಗೋಡೆಗೆ ಸರಿಸಿದ್ದರು, ಸಾಲು ಮುಂದೆ ಹೋಗಿತ್ತು. ಹಿಂದೆ ನಿಲ್ಲಿ ಎಂದರು ದುರ್ಬೀನಿನವರು. ನನ್ನ ಪಿತ್ತ ನೆತ್ತಿಗೇರಿತು. ಜಗಳಕ್ಕೆ ಸೆರಗು ಕಟ್ಟುವಷ್ಟರಲ್ಲಿ ವಾಚ್‌ಮನ್ ರಾಚಪ್ಪ ಬಂದ. ಆತ ಹಿಂದೆ ಇದೇ ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದವನು.

"ಡಬ್ಬಿ ಸರಿಸಿದವರು ಯಾರ್ರಿ? ಮೂವತ್ತು ವರ್ಷ ಇಲ್ಲಿ ಮಾರಿ ನೋಡಿ ಕರದಿಲ್ಲ, ಡಬ್ಬಿ ನೋಡಿ ಕರದೇನಿ!"

ಡಬ್ಬಿಯನ್ನು ಎತ್ತಿ ಸೀದಾ ದುರ್ಬೀನಿನ ಬುಡಕ್ಕೆ ಇಟ್ಟ. ಅದರ ಹಿಂದೆ ಅತ್ತೆ ನಡೆದರು. ಸಾಲಿನವರು ಸರಿದು ದಾರಿ ಬಿಟ್ಟರು.

ಅತ್ತೆ ಕಣ್ಣಿಟ್ಟರು. ಈಗ "ಕಂಡ್ತು ಕಂಡ್ತು" ಎಂದುಬಿಟ್ಟರೆ ಮುಗಿಯಿತು, ಬಂದದ್ದು ದಂಡ ಎಂಬ ಚಿಂತೆ ನನಗೆ. ಅವರು ದುರ್ಬೀನಿನಿಂದ ಕಣ್ಣು ತೆಗೆಯದೆಯೇ ಕೈ ಹಿಂದೆ ಚಾಚಿ ನನ್ನ ಕೈ ಹಿಡಿದರು.

"ವಿಜೀ, ಎಷ್ಟ ಬೆಳ್ಳಗ ಐತಿ ಇದು! ನಾ ನಾಕ ವರ್ಷ ಬರೇ ಬೇವಿನ ಗಿಡಾ ನೋಡೇನಿ."

"ಗೊತ್ತೈತ್ರಿ ಅತ್ತಿ."

"ಗೊತ್ತಿದ್ದೂ ಕಾಲಿಗೆ ಬೀಳತಿದ್ದಿ?"

"ಕಾಲು ನಿಮ್ಮವ ಅದಾವಲ್ರಿ, ಬೇವಿನ ಗಿಡದ್ದಲ್ಲ."

ಅವರು ಗುಮ್ಮಟ ತುಂಬುವಂತೆ ನಕ್ಕರು. ನಾನು ಅಲ್ಲೇ ಬಗ್ಗಿ ಕಾಲು ಮುಟ್ಟಿದೆ. ಸಂತೋಷಕ್ಕೆ ನನ್ನ ಕಣ್ಣೇ ಮಂಜಾಗಿತ್ತು.

ಹೊರಗೆ ಬಂದಾಗ ಅತ್ತೆ ಕೇಳಿದರು. "ಕಣ್ಣಿನ ದವಾಖಾನ್ಯಾಗ ಪಾಳಿ ಭಾಳ ಇರ್ತೈತೇನ?"

"ಇರ್ತೈತ್ರಿ."

"ಹಂಗಾರ ಡಬ್ಬಿ ಒಳಗ ಬಿಟ್ಟ ಬಂದೇವಿ, ತಗೊಂಡ ಬಾ."