ಕಿಸೆಯ ಮೇಲಿನ ದ್ವೀಪ

"ಅಂಡಮಾನ್‌ಗೆ ನಿಮ್ಮಂಥೋರನ್ನ ಹಿಂದೆ ಸರ್ಕಾರನೇ ಖರ್ಚು ಹಾಕಿ ಕಳಿಸ್ತಿತ್ತು ಕಣೋ, ಕಾಲಿಗೆ ಸರಪಳಿ ಬಿಗಿದು. ನೀನ್ಯಾಕೆ ದುಡ್ಡು ಕೊಟ್ಟು ಹೋಗ್ತಿದ್ದೀಯ?"

ಪ್ರೊಡಕ್ಷನ್ ಇಂಜಿನಿಯರ್ ಅನುರಾಗ್ ಹೀಗೆಂದದ್ದು ಕ್ಯಾಂಟೀನಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ನಲವತ್ತು ಜನರ ಎದುರಿಗೆ. ಅವನ ಎಡಗೈಯಲ್ಲಿ ಹನುಮೇಶನ ರಜೆ ಚೀಟಿ, ಬಲಗೈ ಸಾಂಬಾರು ಕಲಸಿದ ಅನ್ನದಲ್ಲಿ. ಎಲೆಕ್ಟ್ರಾನಿಕ್ ಸಿಟಿ ದಾಟಿ ಒಳಗೆ ಹೋದರೆ ಸಿಗುವ ಆ ಕಾರ್ಖಾನೆಯಲ್ಲಿ ಸಾಹೇಬರ ಜೋಕಿಗೆ ನಗುವುದೂ ಡ್ಯೂಟಿಯೇ. ಎಲ್ಲರೂ ನಕ್ಕರು. ಹನುಮೇಶನ ಪಕ್ಕದ ಲೇತ್ ಮಷೀನಿನ ಬಸು, ದಿನಾ ಅವನ ಡಬ್ಬಿಯ ರೊಟ್ಟಿ ಮುರಿದು ತಿನ್ನುವವನು, ಅವನೂ ನಕ್ಕ.

ಹನುಮೇಶ ಎದುರುತ್ತರ ಕೊಡದೆ ಬಿಡುವ ಆಸಾಮಿಯಲ್ಲ. ಎಂಟನೇ ಕ್ಲಾಸಿನ ಮೇಷ್ಟ್ರು ಅವನ ಅಕ್ಕನ ಬಗ್ಗೆ ಒಂದು ಮಾತು ಹಗುರಾಗಿ ಆಡಿದ್ದಕ್ಕೆ ಇವನು ಎರಡು ಮಾತು ಭಾರವಾಗಿಯೇ ಆಡಿ, ಚೀಲ ಹೆಗಲಿಗೇರಿಸಿ ಹೊರಬಿದ್ದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಎರಡು ಕಾರ್ಖಾನೆಗಳ ಕೆಲಸ ಕಳೆದುಕೊಂಡದ್ದೂ ಇದೇ ನಾಲಗೆಯಿಂದ. ಈಗಲೂ ಮಾತು ಗಂಟಲವರೆಗೆ ಬಂದಿತ್ತು. ಆದರೆ ಚೀಟಿಗೆ ಸಹಿ ಬಿದ್ದಿರಲಿಲ್ಲ. ಕೈತೊಳೆಯುವ ನಲ್ಲಿಯನ್ನೇ ದಿಟ್ಟಿಸುತ್ತ ನಿಂತ. ಅನುರಾಗ್ ನಿಧಾನವಾಗಿ ಊಟ ಮುಗಿಸಿ, ಕೈ ತೊಳೆದು ಬಂದು, ಸಹಿ ಹಾಕಿದ. ಏಳು ದಿನ.

ಬಂದ ಮೇಲೆ ಕೊಡುತ್ತೇನೆ ಉತ್ತರ, ಇದೇ ಟೇಬಲ್ಲಿನ ಮುಂದೆ, ಇದೇ ನಲವತ್ತು ಜನರ ಎದುರಿಗೆ, ಎಂದು ಹನುಮೇಶ ಹಲ್ಲು ಕಚ್ಚಿ ಹೇಳಿಕೊಂಡ. ಈ ಸಲ ಮಾತ್ರ ಅಕ್ಕನ ಪ್ರವಾಸ ತಪ್ಪಬಾರದು.

ಅಕ್ಕ ಮಹಾದೇವಿ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಅಂಗಿಗೆ ಕಿಸೆ ಕೂರಿಸುತ್ತಾಳೆ. ಹೊರದೇಶಕ್ಕೆ ಹೋಗುವ ಅಂಗಿಗಳು. ಮೈತುಂಬ ನೀಲಿ ಸಮುದ್ರ, ನಡುನಡುವೆ ಪುಟ್ಟ ದ್ವೀಪ, ದ್ವೀಪಕ್ಕೆರಡು ತೆಂಗಿನಮರ. ಕಿಸೆ ಹೊಲಿಯುವುದು ಕಷ್ಟವಲ್ಲ, ಕಷ್ಟವಿರುವುದು ಹೊಂದಿಸುವುದರಲ್ಲಿ. ಅಂಗಿಯ ಮೇಲೆ ಅರ್ಧಕ್ಕೆ ತುಂಡಾದ ಮರ ಕಿಸೆಯ ಮೇಲಿನ ಅರ್ಧಕ್ಕೆ ಸರಿಯಾಗಿ ಕೂಡಬೇಕು. ಅಲೆ ಅಲೆಗೆ ಸೇರಬೇಕು. ಅಲ್ಲೊಂದು ಕಿಸೆ ಇದೆಯೆಂದೇ ಗೊತ್ತಾಗಬಾರದು. ಕೂದಲೆಳೆಯಷ್ಟು ಸರಿದರೂ ಅಂಗಿ ರಿಜೆಕ್ಟು, ಮೇಲೆ ಸಾಲಾಗಿ ಮಷೀನಿಗೆ ಕೂತ ಇಡೀ ಲೈನಿಗೆ ಕೇಳುವಂತೆ ಬೈಗುಳ. ದಿನವಿಡೀ ಮುರಿದ ದ್ವೀಪಗಳನ್ನು ಕೂಡಿಸಿ ಕೂಡಿಸಿ ಸಂಜೆಗೆ ಅವಳ ಕಣ್ಣುಗಳು ಕೆಂಡದಂತಾಗಿರುತ್ತಿದ್ದವು.

ಅಪ್ಪನ ಹಿಂದೆಯೇ ಅವ್ವನೂ ತೀರಿಕೊಂಡ ವರ್ಷ, ಹುನಗುಂದದ ಕಡೆಯಿಂದ ಹತ್ತು ವರ್ಷದ ತಮ್ಮನ ಕೈಹಿಡಿದು ಕರೆತಂದವಳು ಅವಳೇ. ಬಾಡಿಗೆ ಕೋಣೆಯಲ್ಲಿ ಅವನಿಗೆ ದಿಂಬಿರಲಿಲ್ಲ. ಸೂಪರ್‌ವೈಜರಮ್ಮನನ್ನು ಕೇಳಿ ರಿಜೆಕ್ಟಾದ ತುಂಡುಗಳನ್ನು ತಂದು ದಿಂಬಿನ ಚೀಲ ಹೊಲಿದಳು. ಕೇಳುವವರಿಲ್ಲದಿದ್ದರೂ ಮರಕ್ಕೆ ಮರ ಹೊಂದಿಸಿಯೇ ಹೊಲಿದಳು. ಹುಡುಗ ಅದರ ಮೇಲೆ ಕೆನ್ನೆಯಿಟ್ಟು, ಇದು ಎಲ್ಲಿರುತ್ತದೆ ಎಂದು ಕೇಳಿದ. ಯಾರಿಗೆ ಗೊತ್ತು, ಅಂದಳು. ದೊಡ್ಡವನಾದ ಮೇಲೆ ಕರೆದುಕೊಂಡು ಹೋಗುತ್ತೇನೆ, ಅಂದ. ಆಯಿತಪ್ಪ, ಅಂದಳು. ಮಕ್ಕಳ ಮಾತೆಂದು ಅವಳು ಮರೆತುಬಿಡಬಹುದಿತ್ತು. ಮರೆಯಲಿಲ್ಲ. ದ್ವೀಪಕ್ಕೆ ಹೋದಾಗ ಉಡಲೆಂದು ಒಂದು ಸೀರೆ, ದ್ವೀಪಕ್ಕೆ ಹೋದಾಗ ಮೆಟ್ಟಲೆಂದು ಒಂದು ಜೊತೆ ಚಪ್ಪಲಿ ಟ್ರಂಕಿನೊಳಗೆ ವರ್ಷಗಟ್ಟಲೆ ಕಾದವು.

ಎರಡು ಸಲ ಹೊರಟು ನಿಂತಿದ್ದರು. ಎರಡು ಸಲವೂ ಹನುಮೇಶ ಯಾರಿಗೋ ಎದುರಾಡಿ ಕೆಲಸ ಬಿಟ್ಟುಬಂದು ಬಾಗಿಲಲ್ಲಿ ತಲೆತಗ್ಗಿಸಿ ನಿಂತ. ಎರಡು ಸಲವೂ ಅಕ್ಕ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕಿ ಅದೇ ಮಾತು ಹೇಳಿದಳು: "ಇರಲಿ ಬಿಡೋ ತಮ್ಮಾ. ದ್ವೀಪ ಎಲ್ಲಿ ಓಡಿ ಹೋಗ್ತಾವು." ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಅಂತೂ ಮೂರನೇ ಸಲ ವಿಮಾನ ಹತ್ತಿದರು. ಪೋರ್ಟ್ ಬ್ಲೇರಿನಿಂದ ಮೊದಲು ಸಣ್ಣ ದೋಣಿಯಲ್ಲಿ ಹತ್ತಿರದೊಂದು ದ್ವೀಪ, ಮರುದಿನ ದೊಡ್ಡ ಫೆರ್ರಿ ಹಡಗಿನಲ್ಲಿ ಹ್ಯಾವ್‌ಲಾಕ್ ದ್ವೀಪ, ಅಲ್ಲಿಂದ ನೀಲ್ ದ್ವೀಪ. ಅಕ್ಕ ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದಳು. ಸೆರಗನ್ನು ತಲೆಗೆ ಬಿಗಿದು ಎಲ್ಲರಿಗಿಂತ ಮುಂದಿನ ಹಲಗೆಯ ಮೇಲೆಯೇ ಕೂರುವಳು. ಹ್ಯಾವ್‌ಲಾಕಿನ ದಂಡೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಸಾರಿನ ರುಚಿ ನೋಡುವಂತೆ ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ, ಉಪ್ಪು ಹೆಚ್ಚಾಯಿತೆಂದು ತೀರ್ಪು ಕೊಟ್ಟಳು.

ಹನುಮೇಶ ಮಾತ್ರ ಇನ್ನೂ ಕ್ಯಾಂಟೀನಿನಲ್ಲೇ ಇದ್ದ. ಅನುರಾಗನ ಕೊರಳಲ್ಲಿ ಸದಾ ನೇತಾಡುವ ಐಡಿ ಕಾರ್ಡಿನ ಪಟ್ಟಿ ಅವನ ಕಣ್ಣಿಗೆ ಕಟ್ಟಿತ್ತು. ಸರಪಳಿ ಇರೂದು ನನ್ನ ಕಾಲಾಗಲ್ಲ ಸಾರ್, ನಿಮ್ಮ ಕೊರಳಾಗ. ಈ ಒಂದು ಮಾತನ್ನು ಲೇತಿಗೆ ಕಟ್ಟಿದ ಕಬ್ಬಿಣದಂತೆ ತಿರುಗಿಸಿ ತಿರುಗಿಸಿ ನುಣುಪು ಮಾಡುತ್ತಿದ್ದ. ತುಟಿ ಅಲುಗುತ್ತಿದ್ದುದು ಅವನಿಗೇ ಗೊತ್ತಿರಲಿಲ್ಲ.

"ಯಾರ ಜೋಡಿ ಜಗಳಾಡಾಕ್ಹತ್ತೀಯೋ?" ಎಂದಳು ಅಕ್ಕ, ನೀಲ್‌ಗೆ ಹೋಗುವ ಫೆರ್ರಿಯಲ್ಲಿ. "ಇಲ್ಲಿ ನಾ ಒಬ್ಬಾಕಿ ಅದೀನಿ."

ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ನಡೆದಿದ್ದಳು. ಎದುರು ಬೆಂಚಿನಲ್ಲಿ ಒಬ್ಬ ದಪ್ಪನೆಯ ಬಿಳಿಯ ಮುದುಕ ಕೂತಿದ್ದ, ಬಿಸಿಲಿಗೆ ಮೂಗು ಸುಟ್ಟು ಕೆಂಪಾದವನು. ಅವನ ಮೈಮೇಲೆ ನೀಲಿ ಸಮುದ್ರ, ಪುಟ್ಟ ದ್ವೀಪ, ದ್ವೀಪಕ್ಕೆರಡು ತೆಂಗಿನಮರ. ಅಕ್ಕ ನೇರ ಹೋಗಿ ಅವನ ಎದೆಯ ಹತ್ತಿರಕ್ಕೆ ಬಗ್ಗಿದಳು. ಹಿಂದೆ ಯಾರೋ ಕಿಸಕ್ಕೆಂದರು. ಹನುಮೇಶನ ಮುಷ್ಟಿ ಬಿಗಿಯಿತು; ಮುದುಕ ಅಕ್ಕನಿಗೆ ಒಂದು ಮಾತು ಅಂದಿದ್ದರೆ ಎತ್ತಿ ಸಮುದ್ರಕ್ಕೆ ಹಾಕುವವನೇ. ಮುದುಕ ಗಾಬರಿಯಿಂದ ಇವನ ಮುಖ ನೋಡಿದ. ಇವನಿಗೆ ಬರುವ ಇಂಗ್ಲಿಷೆಲ್ಲ ಕಾರ್ಖಾನೆಯದು. "ಸಿಸ್ಟರ್," ಅಂದ. "ಪಾಕೆಟ್. ಸ್ಟಿಚ್. ಬೆಂಗಳೂರ್."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಮುದುಕ ಎದ್ದು, ಹೊಟ್ಟೆ ಒಳಗೆಳೆದುಕೊಂಡು, ಪರೇಡಿಗೆ ನಿಂತ ಪೊಲೀಸಿನಂತೆ ನೆಟ್ಟಗಾದ. ಅಕ್ಕ ಕಿಸೆಯ ಅಂಚಿಗೆ ಹೆಬ್ಬೆರಳು ಆಡಿಸಿದಳು, ಮೂಲೆಯ ಹೊಲಿಗೆ ನೋಡಿದಳು, ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು.

"ನಂದಲ್ಲೋ. ನನ್ನ ಬಾಜೂ ಮಷೀನಿನ ಸವಿತಾಂದು. ಮೂಲ್ಯಾಗ ಒಂದು ಹೊಲಿಗಿ ಹೆಚ್ಚಿಗಿ ಹಾಕೂದು ಆಕೀ ಚಾಳಿ. ನೋಡಿಲ್ಲಿ, ಗಿಡ ಕೂದಲೆಳಿಯಷ್ಟು ಸರದೈತಿ. ಹೆಂಗ ಪಾಸಾತೋ ಏನೋ. ಆತಗ ಹೇಳಬ್ಯಾಡ, ಪಾಪ, ಬ್ಯಾಸರಾದಾನು."

ಬಹಳ ಚೆನ್ನಾಗಿದೆ ಎನ್ನುವಂತೆ ಅವಳು ಮುದುಕನಿಗೆ ತಲೆಯಾಡಿಸಿದಳು. ಅವನು ಎದೆಯ ಮೇಲೆ, ಅಂದರೆ ಸರಿಯಾಗಿ ಸವಿತಾಳ ಕಿಸೆಯ ಮೇಲೆ, ಕೈಯಿಟ್ಟು ಬಗ್ಗಿ ವಂದಿಸಿದ. ಅಕ್ಕ ಒಂದು ರೊಟ್ಟಿ ಮುರಿದು ಚಟ್ನಿಪುಡಿ ಉದುರಿಸಿ ಕೊಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮುದುಕ ಪೂರ್ತಿ ತಿಂದ.

ನೀಲ್‌ನಲ್ಲಿ ಅಂದು ಸಂಜೆ ಅಕ್ಕ ದಂಡೆಯ ಮರಗಳನ್ನು ಒಂದೊಂದಾಗಿ, ಹುಬ್ಬು ಗಂಟಿಕ್ಕಿ ನೋಡುತ್ತ ನಡೆದಳು. ಹನುಮೇಶನಿಗೆ ಭಯವಾಯಿತು. ಇಷ್ಟು ವರ್ಷ ಕಾದದ್ದು ಇದಕ್ಕೇನಾ ಎಂದು ಅವಳಿಗೆ ಅನ್ನಿಸಿಬಿಟ್ಟರೆ?

"ಗಿಡ ಎಲ್ಲಾ ಸೊಟ್ಟ ಅದಾವಲ್ಲೋ ಹನಮ್ಯಾ," ಎಂದಳು ಕೊನೆಗೆ, ಸಮುದ್ರದ ಕಡೆ ವಾಲಿದ ತೆಂಗುಗಳನ್ನು ತೋರಿಸಿ. "ನಮ್ಮ ಲೈನಿನ್ಯಾಗ ಆಗಿದ್ರ ಒಂದೂ ಪಾಸಾಗ್ತಿರಲಿಲ್ಲ."

ಅಷ್ಟು ಹೇಳಿ ಮರಳಿನಲ್ಲಿ ಕಾಲು ಚಾಚಿ ಕೂತು, ಅವನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಇಷ್ಟು ದೂರ ಬಂದು ಕಣ್ಣು ಮುಚ್ಚುತ್ತೀಯಲ್ಲ ಎಂದು ಅವನು ರೇಗಿಸಿದ. ಇಲ್ಲಿ ಹೊಂದಿಸುವುದು ಏನೂ ಇಲ್ಲವಲ್ಲ, ಅಂದಳು. ಕತ್ತಲಾಗುವವರೆಗೂ ಅವನು ಹೆಗಲು ಅಲುಗಿಸಲಿಲ್ಲ. ಕೊರಳಪಟ್ಟಿಯ ಮಾತು ಅಂದು ನೆನಪಿಗೂ ಬರಲಿಲ್ಲ.

ಯಾತ್ರೆಗೆ ಹೋದವರು ಬರಿಗೈಲಿ ಬರಬಾರದೆಂಬುದು ಅಕ್ಕನ ಕಟ್ಟುನಿಟ್ಟು. ದ್ವೀಪದಲ್ಲಿ ಪ್ರಸಾದ ಎಲ್ಲಿಂದ ತರುವುದು? ನಾಲ್ಕು ಬಲಿತ ತೆಂಗಿನಕಾಯಿ ಕೊಂಡಳು. ಬೊಮ್ಮನಹಳ್ಳಿಗೆ ಬಂದ ಮರುಬೆಳಗ್ಗೆ ಒಡೆದು, ಸಣ್ಣಗೆ ಹೆಚ್ಚಿ, ಬೆಲ್ಲ ಬೆರೆಸಿ ಎರಡು ಡಬ್ಬಿ ತುಂಬಿದಳು. ಒಂದು ತನ್ನ ಲೈನಿಗೆ, ಒಂದು ಅವನ ಕಾರ್ಖಾನೆಗೆ. ದೊಡ್ಡದೊಂದು ಪಾಲನ್ನು ಬೇರೆ ಕಾಗದದಲ್ಲಿ ಸುತ್ತಿ ಮೇಲಿಟ್ಟಳು.

"ಇದು ರಜಾ ಕೊಟ್ಟ ಸಾರಿಗೆ. ಮರೀಬ್ಯಾಡ. ಅವರು ಹೂಂ ಅಂದಿದ್ದಕ್ಕ ನಾವು ಹೋದ್ವಿ."

ಕ್ಯಾಂಟೀನಿನ ಮಾತು ಅವಳಿಗೆ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ.

ಮಧ್ಯಾಹ್ನ ಹನುಮೇಶ ಟೇಬಲ್ಲಿನಿಂದ ಟೇಬಲ್ಲಿಗೆ ಡಬ್ಬಿ ಹಿಡಿದು ನಡೆದ. ಬಸು ನಾಚಿಕೆಯಿಲ್ಲದೆ ಎರಡು ಸಲ ಕೈಹಾಕಿದ. ಕೊನೆಯ ಟೇಬಲ್ಲಿನಲ್ಲಿ ಅನುರಾಗ್ ತಲೆಯೆತ್ತಿದ.

"ಏನೋ, ಬಿಟ್ಬಿಟ್ರಾ ನಿನ್ನ? ಸನ್ನಡತೆ ಅಂತಾನಾ?"

ಮತ್ತೆ ನಗು. ಮಾತು ಹನುಮೇಶನ ನಾಲಗೆಯ ತುದಿಗೇ ಬಂದಿತ್ತು, ನುಣ್ಣಗೆ, ಹರಿತವಾಗಿ. ಅವನು ಕೊರಳಪಟ್ಟಿಗಾಗಿ ಕಣ್ಣು ಹಾಯಿಸಿದ. ಸಾಂಬಾರಿಗೆ ತಾಗದಿರಲೆಂದು ಅನುರಾಗ್ ಕಾರ್ಡನ್ನು ಅಂಗಿಯ ಕಿಸೆಯೊಳಗೆ ತೂರಿಸಿದ್ದ. ಚೌಕಳಿ ಅಂಗಿ. ಕಿಸೆಯ ಮೇಲಿನ ಗೆರೆಗಳು ಅಂಗಿಯ ಗೆರೆಗಳಿಗೆ ಕೂದಲೆಳೆಯೂ ಸರಿಯದಂತೆ ಕೂಡಿದ್ದವು. ಯಾವ ಊರಿನ ಯಾವಾಕೆ ಕಣ್ಣು ಕೆಂಪಗೆ ಮಾಡಿಕೊಂಡು ಹೊಂದಿಸಿದ್ದಳೋ. ಹನುಮೇಶ ಅಕ್ಕನಂತೆಯೇ ಮೂಲೆಯ ಹೊಲಿಗೆ ನೋಡಿದ. ಆಮೇಲೆ ಕಾಗದದ ಪೊಟ್ಟಣವನ್ನು ಅನುರಾಗನ ತಟ್ಟೆಯ ಪಕ್ಕದಲ್ಲಿಟ್ಟ.

"ಏನೋ ಇದು?" ಎಂದು ಅನುರಾಗ್ ಕೇಳಿದ.

ಹನುಮೇಶ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಲೇತಿನ ಕಡೆಗೆ ನಡೆದ.