ಮುದಿಗುಬ್ಬಿಯ ಏಳು ಅಂಕ

ಬೀಗ ರಿಪೇರಿಯವನ ಮೂಗಿಗೆ ಮೋಸದ ವಾಸನೆ ಮೂರು ಬೀದಿಯಾಚೆಯಿಂದಲೇ ಬಡಿಯುತ್ತಿತ್ತು. ಅವನು ತೆರೆಯಲಾರದ ಬೀಗ ಭೂಮಿಯ ಮೇಲೆ ಒಂದೇ ಒಂದಿತ್ತು; ಅದೂ ಅವನ ಹೆಸರು ಕೇಳಿದ್ದೇ ತಾನಾಗಿ ಬಾಯಿಬಿಟ್ಟಿತು. ಅಂಥವನಿಗೆ ಒಂದು ಭಾನುವಾರ ಮಧ್ಯಾಹ್ನ ಸ್ವಂತ ಅಕ್ಕನ ಮೇಲೇ ಅನುಮಾನ ಹುಟ್ಟಿತು.

ಅಕ್ಕ ಒಂದು ಆಟ ಬರೆದಿದ್ದಳು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆಯೊಳಗೆ ಬದುಕುವ ಆಟ. ಕಥೆ ನಡೆಸುವವಳು ಅವಳೇ. ಪಾತ್ರದ ಬಲ, ಚುರುಕು, ಧೈರ್ಯಕ್ಕೆಲ್ಲ ಅಂಕವುಂಟು, ಅವೆಲ್ಲ ಒಂದು ಹಾಳೆಯ ಮೇಲೆ. ಬೀಗದವನ ಪಾತ್ರ ಮುದಿಗುಬ್ಬಿ ಎಂಬ ಕಳ್ಳಿ. ಹನ್ನೊಂದು ವರ್ಷದಲ್ಲಿ ಗುಬ್ಬಿ ಒಂಬತ್ತು ಘಟಸರ್ಪಗಳ ಹಲ್ಲು ಕಿತ್ತಿದ್ದಳು. ಒಬ್ಬ ರಾಜನ ಸಿಂಹಾಸನವನ್ನು ಅವನು ಅದರ ಮೇಲೆ ಕೂತಿದ್ದಾಗಲೇ ಕದ್ದಿದ್ದಳು. ರಬ್ಬರಿನಿಂದ ಉಜ್ಜಿ ಉಜ್ಜಿ ಅವಳ ಹಾಳೆ ಆಚೆಬದಿಯ ಊರು ಕಾಣುವಷ್ಟು ತೆಳ್ಳಗಾಗಿತ್ತು.

ಈಗ ನಿಯಮಪುಸ್ತಕದ ಪರಿಷ್ಕೃತ ಆವೃತ್ತಿ ಅಚ್ಚಿಗೆ ಹೋಗಬೇಕಿತ್ತು. ಹಳೇ ಪಾತ್ರಗಳು ಹೊಸ ನಿಯಮಕ್ಕೂ ಹೊಂದಬೇಕೋ ಬೇಡವೋ ಎಂಬುದೇ ತಕರಾರು. ಹೊಂದಲೇಬೇಕೆಂದು ಜೊತೆಗೆ ಆಡುವ ಹಲ್ಲಿನ ಡಾಕ್ಟರಮ್ಮ ಪಟ್ಟು ಹಿಡಿದರು. ಹಳೇ ಬಸ್ಸು ಹೊಸ ರಸ್ತೆಯಲ್ಲಿ ಓಡಬಾರದು ಅಂತ ಕಾನೂನಿದೆಯಾ ಎಂದು ಇನ್ನೊಬ್ಬ ಆಟಗಾರ, ಬಸ್ ಡ್ರೈವರು, ಕೇಳಿದ. ಅಕ್ಕ ಮಾತ್ರ ತಮ್ಮನ ಮುಖ ನೋಡಲಿಲ್ಲ.

"ಎಲ್ಲರೂ ಸೊನ್ನೆಯಿಂದ ಶುರು ಮಾಡೋಣ. ಹಳೇದು ಹಳೇದಕ್ಕಾಯ್ತು," ಎಂದವಳೇ ತನ್ನ ನೋಟ್‌ಬುಕ್ಕನ್ನು ಡ್ರಾಯರಿಗೆ ಹಾಕಿ ಬೀಗ ಜಡಿದಳು. ತೀರ್ಮಾನ ಮುಂದಿನ ವಾರಕ್ಕೆ ಹೋಯಿತು.

ವಾರವೆಲ್ಲ ಬೀಗದವನಿಗೆ ಅನ್ನ ಸೇರಲಿಲ್ಲ. ಹೋದ ತಿಂಗಳ ಆಟದಲ್ಲಿ ಗುಬ್ಬಿ, ಅಕ್ಕನ ಅಚ್ಚುಮೆಚ್ಚಿನ ಮಾಟಗಾತಿಯನ್ನು ಬಾವಿಗೆ ತಳ್ಳಿದ್ದಳಲ್ಲ, ಅದಕ್ಕೇ ಈ ಸೇಡು. ಗುಬ್ಬಿಯನ್ನು ಕೊಲ್ಲಲು ಇಡೀ ಪುಸ್ತಕವನ್ನೇ ತಿದ್ದುತ್ತಿದ್ದಾಳೆ!

ಭಾನುವಾರ ಒಂದು ಗಂಟೆ ಮೊದಲೇ ಬಂದ. ಅಕ್ಕ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಡ್ರಾಯರಿನ ಬೀಗ ಅವನಿಗೆ ಅರ್ಧ ಸೀನು ಸೀನುವಷ್ಟು ಹೊತ್ತಿನ ಕೆಲಸ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹನ್ನೊಂದು ವರ್ಷ ಹಳೆಯ ಅಕ್ಷರ: "ಗುಬ್ಬಿಗೆ ಏಳು ಅಂಕ ಜಾಸ್ತಿ. ಅವಳ ಮೇಲಂಗಿಯ ಅಂಕವನ್ನು ತಮ್ಮ ಎರಡು ಸಲ ಕೂಡಿದ್ದಾನೆ. ಹೇಳಿದರೆ ಆಟ ಬಿಡುತ್ತಾನೆ. ಸರಿದೂಗಲು ಅವಳೆದುರು ಬರುವ ಬೀಗಕ್ಕೆಲ್ಲ ಏಳು ಸೇರಿಸುವುದು."

ಅವನ ಕಿವಿ ಕುಲುಮೆಯಾಯಿತು. ಹಳೇ ಪಾತ್ರವನ್ನು ಹೊಸ ನಿಯಮಕ್ಕೆ ತರಬೇಕಾದರೆ ಹಾಳೆಯನ್ನು ಎಲ್ಲರೆದುರು ಸಾಲುಸಾಲಾಗಿ ಕೂಡಬೇಕು. ಅಕ್ಕ ಬೇಡವೆಂದಿದ್ದು ಅದಕ್ಕೆ, ಅವನ ಮಾನ ಉಳಿಸುವುದಕ್ಕೆ.

ಎಲ್ಲರೂ ಬಂದು ಕೂತ ಮೇಲೆ ಅವನು ಹಾಳೆಯನ್ನು ಮೇಜಿನ ನಡುವೆ ಇಟ್ಟ. "ಇದರಲ್ಲಿ ಏಳು ಹೆಚ್ಚಿದೆ. ತಪ್ಪು ನಂದೇ," ಎಂದು ರಬ್ಬರು ಎತ್ತಿಕೊಂಡ. ಉಜ್ಜಿದ ಕಡೆ ಹಾಳೆ ತೂತುಬಿತ್ತು. ಆ ತೂತಿನ ಪಕ್ಕದಲ್ಲೇ ಸರಿಯಾದ ಅಂಕ ಬರೆದ. "ಈಗ ಹೊಂದಿಸು, ಅಕ್ಕಾ."

ಅಕ್ಕ ಅವನನ್ನು ನೋಡಿ, ಡ್ರಾಯರನ್ನು ನೋಡಿದಳು. "ಲೋಕದ ಬೀಗ ಎಲ್ಲ ತೆಗೀತೀಯ. ತೆಗೆದದ್ದನ್ನ ಮತ್ತೆ ಹಾಕೋದು ಯಾವಾಗ ಕಲಿತೀಯೋ?"

ಅಷ್ಟರಲ್ಲಿ ಅವನ ಮೂಗಿಗೆ ಮತ್ತೆ ವಾಸನೆ ಬಡಿಯಿತು. ಡಾಕ್ಟರಮ್ಮ ತಮ್ಮ ಹಾಳೆಯನ್ನು ಸದ್ದಿಲ್ಲದೆ ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಸೊನ್ನೆಯಿಂದ ಶುರು ಮಾಡಿದರೂ ಏನೂ ಮೋಸವಿಲ್ಲ ಎಂದು ಡ್ರೈವರು ಛಾವಣಿಗೆ ಹೇಳುತ್ತಿದ್ದ.

ಕೈ ಎತ್ತಿಸಿದರೆ ಎರಡಕ್ಕೆರಡು ಸಮ. ಅಕ್ಕ ಈ ಸಲ ತಮ್ಮನ ಕಡೆಗಿದ್ದಳು.

"ಬರೆದವಳ ಕೈಗೆ ಎರಡು ಕೈ ತೂಕ," ಎಂದು ನೋಟ್‌ಬುಕ್ಕು ಹೊರತೆಗೆದು, ಬೆರಳಿಗೆ ಎಂಜಲು ಹಚ್ಚಿ ಎರಡನೇ ಪುಟ ತಿರುಗಿಸಿದಳು. "ಡಾಕ್ಟರಮ್ಮಾ, ನಿಮ್ಮದು ಕೊಡಿ."