ಬೀಗದ ಮೇಲಿಟ್ಟ ಕೈ

ಹದಿನೈದು ವರ್ಷದಿಂದ ರಿಪ್ಪನ್‌ಪೇಟೆಯ ಕರೆಂಟಿನ ಸ್ವಿಚ್ಚು ನನ್ನ ಕೈಲಿತ್ತು. ಟ್ರೈನಿಂಗೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ರಿಪೇರಿಗೆಂದು ಕರೆಂಟು ತೆಗೆಸಿ ಕಂಬ ಹತ್ತುವವನಿಗೆ "ಮೂರಕ್ಕೆ ಹಾಕ್ತೀನಿ ನೋಡು" ಎಂದರೆ ಮೂರಕ್ಕೇ ಹಾಕುತ್ತಿದ್ದೆ. ಅಷ್ಟರೊಳಗೆ ಅವನು ಇಳಿದಿರಬೇಕು. ಒಂದು ದಿನವೂ ನಾನು ನಿಮಿಷ ತಪ್ಪಿದವನಲ್ಲ.

ಅರವತ್ತಾರನೇ ಇಸವಿಯಲ್ಲಿ ಇಲಾಖೆಯವರು ನನ್ನ ಕೈಕೆಳಗಿನ ಗುತ್ಯಪ್ಪನನ್ನು ಆರು ವಾರದ ಟ್ರೈನಿಂಗಿಗೆ ಜೋಗಕ್ಕೆ ಕಳಿಸಿದರು. ಬಂದವನೇ ಸ್ವಿಚ್ಚಿನ ಹಿಡಿಗೆ ಬೀಗ ತಂದ. ಕಂಬ ಹತ್ತುವವನೇ ಬೀಗ ಹಾಕಿ, ಬೀಗದಕೈ ಜೇಬಿಗಿಟ್ಟುಕೊಂಡು ಹೋಗಬೇಕಂತೆ. ಅವನೇ ಬಂದು ತೆಗೆಯುವ ತನಕ ಕರೆಂಟು ಹಾಕುವಂತಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಾತಿಗಿಂತ ಒಂದು ತಗಡಿನ ಬೀಗ ಹೆಚ್ಚಾಯಿತೇ?

ಒಂದು ದಿನ ಕಂಬ ಹತ್ತಲು ಹೋದವನು ನನ್ನ ಒಡಹುಟ್ಟಿದ ತಮ್ಮ ಅಂಜನಪ್ಪ. ಮೂರಕ್ಕೆ ಇಳಿಯುತ್ತೇನೆಂದು ಹೇಳಿ ಬೀಗ ಹಾಕಿಕೊಂಡು ಹೋಗಿದ್ದ. ಮೂರಕ್ಕೆ ಕರೆಂಟು ಕೊಡುತ್ತೇನೆಂದು ನಾನು ಗಿರಣಿಗೂ ಹೇಳಿದ್ದೆ; ಮೂರು ಹೊಡೆದರೂ ಅವನ ಸುಳಿವಿಲ್ಲ. ಅಕ್ಕಿ ಗಿರಣಿಯ ಆಳು ಬಾಗಿಲಲ್ಲಿ ನಿಂತು, "ಏನ್ ಸೀತಾರಾಮಣ್ಣ, ನಿಮ್ ಮಾತೂ ತಪ್ತಾ?" ಎಂದು ನಕ್ಕು ಹೋದ. ಬೀಗ ಒಡೆಯಲು ನಾನು ಸುತ್ತಿಗೆ ಎತ್ತಿಕೊಂಡೆ.

ಗುತ್ಯಪ್ಪ ಅಡ್ಡ ಬಂದ. "ಬ್ಯಾಡ ಅಣ್ಣ. ಅಂಜನಪ್ಪ ಇನ್ನೂ ಮೇಲಿದ್ರೆ?"

"ಇಳ್ದು ಎಲ್ಲೋ ಚಾ ಕುಡೀತಾ ಕೂತಿರ್ತಾನೆ. ಸರಿ ಅತ್ಲಾಗೆ!"

"ಬೀಗದಕೈ ಬರ್ಲಿ."

ಕಪಾಳಕ್ಕೆ ಬಿಗಿದೆ. ಗೋಡೆಗೆ ಬಡಿದು ಬಿದ್ದವನ ತುಟಿ ಸೀಳಿ ರಕ್ತ ಬಂತು. ಎದ್ದವನು ಓಡಲಿಲ್ಲ. ಎರಡೂ ಕೈಯಿಂದ ಆ ಬೀಗವನ್ನು ಮುಚ್ಚಿ ಹಿಡಿದುಕೊಂಡ.

"ಬಿಡ್ತೀಯೋ ಇಲ್ವೋ, ಬೋಳಿಮಗನೆ?"

ಬಿಡಲಿಲ್ಲ. ಹೊಡೆದೆ. ಸುತ್ತಿಗೆಯ ಕೆಳಗೆ ಬೆರಳಿನ ಮೂಳೆ ಲಟಕ್ಕೆಂದದ್ದು ಕೇಳಿಸಿತು. ಅವನು ಕಿರುಚಿದ, ಕೈ ಮಾತ್ರ ತೆಗೆಯಲಿಲ್ಲ. ಮತ್ತೆ ಹೊಡೆದೆ. ಉಗುರು ಕಿತ್ತು ಬಂತು. ಅವನು ಬೀಗದ ಮೇಲೆ ಎದೆಯನ್ನೇ ಆನಿಸಿದ; ಸೊಂಟಕ್ಕೆ ಒದ್ದೆ, ಬೆನ್ನಿಗೆ ಗುದ್ದಿದೆ. ಥೂ, ನನ್ನ ಜನ್ಮಕ್ಕಿಷ್ಟು! ಆಗ ನನಗೆ ಮರ್ಯಾದೆಯದೊಂದೇ ಯೋಚನೆ.

ಎಷ್ಟು ಹೊತ್ತು ಹೀಗೆ ನಡೆಯಿತೋ, ಹೊರಗೆ ಸೈಕಲ್ ನಿಂತ ಸದ್ದಾಯಿತು. ಅಂಜನಪ್ಪ ಬೀಗದಕೈ ಹಿಡಿದು ಒಳಗೆ ಬಂದ.

"ತಡ ಆತು ಅಣ್ಣ. ಪಕ್ಕದ ಕಂಬಾನೂ ಕೆಟ್ಟಿತ್ತು. ಮುಂಚೆ ಆಗಿದ್ರೆ ಮೂರಕ್ಕೆ ಇಳ್ದು ಓಡಿ ಬರ್ತಿದ್ದೆ. ಬೀಗದಕೈ ನನ್ ಜೇಬಲ್ಲೇ ಐತಲ್ಲ ಅಂತ ಧೈರ್ಯವಾಗಿ ಅದನ್ನೂ ಹತ್ತಿದೆ. ಮೂರೂಕಾಲಿನ ತನಕ ತಂತಿ ಹಿಡ್ಕಂಡೇ ಇದ್ದೆ..."

ಅಷ್ಟರಲ್ಲಿ ಅವನಿಗೆ ಗುತ್ಯಪ್ಪನ ಕೈ ಕಂಡಿತು. ಬೆರಳುಗಳು ದಿಕ್ಕಿಗೊಂದಾಗಿ ಸೊಟ್ಟಗಾಗಿದ್ದವು.

"ಅಯ್ಯೋ ದೇವರೇ! ಯಾರು ಹೊಡ್ದಿದ್ದು?"

ಗುತ್ಯಪ್ಪ ನನ್ನ ಕಡೆ ನೋಡಿದ.

"ನಾನೇ," ಎಂದೆ.

"ಎಂತಕ್ಕೆ ಅಣ್ಣ?"

ಸುತ್ತಿಗೆ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ.

"ನಿನ್ನ ಕೊಲ್ಲಾಕೆ ಕಣೋ, ತಮ್ಮಾ. ಅವ್ನು ಬಿಡ್ಲಿಲ್ಲ."